ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತಾ?

ಘಾಟಿ ಇಳಿಯುವಾಗ ಗೇರ್ ತೆಗೆದು ಕಾರನ್ನು ಹಾಗೇ ಉರುಳಲು ಬಿಟ್ಟರೆ ಮೈಲೇಜ್ ಜಾಸ್ತಿ ಎನ್ನುವ ಮೆಸೇಜ್ ಮತ್ತೆ ಮತ್ತೆ ಬರುತ್ತದೆ. ಈಗಿನ ಕಾರುಗಳಿಗೆ ಇದು ತಪ್ಪು.

ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್‌ಗೆ ಕೊಡುವ ಹಳೆಯ ಭಾಗ, ಅಂದರೆ ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಈ ಮಾತಿಗೆ ಸ್ವಲ್ಪ ಅರ್ಥ ಇತ್ತು. ಹಂಚುವವರು ಹೆಚ್ಚಿನವರು ಒಳ್ಳೆಯ ಮನಸ್ಸಿನಿಂದಲೇ ಹಂಚುತ್ತಾರೆ. ಆದರೆ 2000ರ ಆಚೀಚೆ ನಮ್ಮ ಕಾರುಗಳಿಗೆ ಇಂಜೆಕ್ಷನ್ ಬಂತು, ಅಂದರೆ ಎಷ್ಟು ಪೆಟ್ರೋಲ್ ಚಿಮ್ಮಿಸಬೇಕೆಂದು ಕಾರಿನೊಳಗಿನ ಕಂಪ್ಯೂಟರೇ ನಿರ್ಧರಿಸುವ ವ್ಯವಸ್ಥೆ. ಗೇರ್‌ನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ಆಗ ಕಂಪ್ಯೂಟರ್ ಇಂಧನವನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲು ಪೆಟ್ರೋಲ್ ಬೇಕೇ ಬೇಕು. ಸಣ್ಣ ಕಾರಿಗೂ ಗಂಟೆಗೆ ಸುಮಾರು ಅರ್ಧ ಲೀಟರಿನಿಂದ ಒಂದು ಲೀಟರ್.

ನನಗೆ ಪೆಟ್ರೋಲ್‌ಗಿಂತ ಬ್ರೇಕಿನದೇ ಚಿಂತೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ತಿರುವಿನ ಮೇಲೆ ತಿರುವು. ನ್ಯೂಟ್ರಲ್‌ನಲ್ಲಿ ವೇಗ ತಡೆಯುವ ಕೆಲಸವೆಲ್ಲ ಬ್ರೇಕಿಗೇ ಬೀಳುತ್ತದೆ. ಬ್ರೇಕ್ ಪ್ಯಾಡ್ ಕಾದು ಸುಟ್ಟ ವಾಸನೆ ಬರುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಎರಡನೇ ಅಥವಾ ಮೂರನೇ ಗೇರ್‌ನಲ್ಲಿ ಇಳಿದರೆ ಎಂಜಿನ್ನೇ ತಡೆಯುತ್ತದೆ, ಬ್ರೇಕ್ ತಣ್ಣಗಿರುತ್ತದೆ. ಹಾಗಂತ ಬ್ರೇಕ್ ಮುಟ್ಟಲೇಬಾರದು ಅಂತಲ್ಲ. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ಆಮೇಲೆ ಬಿಡಿ. ಎಂಜಿನ್ ಆಫ್ ಮಾಡುವುದಂತೂ ಬೇಡವೇ ಬೇಡ. ಬ್ರೇಕ್ ಪೆಡಲ್ ಕಲ್ಲಾಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ.

ನೀವೇ ನೋಡಬಹುದು. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇಳಿಜಾರಿನ ಬಗ್ಗೆ ಏನಿದೆ ಓದಿ. ಆ ಕ್ಷಣದ ಮೈಲೇಜ್ ತೋರಿಸುವ ಡಿಸ್‌ಪ್ಲೇ ಇದ್ದರೆ, ಗೇರ್‌ನಲ್ಲಿ ಇಳಿಯುವಾಗ ಅದು ಗರಿಷ್ಠಕ್ಕೆ ಹೋಗುವುದನ್ನು ಪಕ್ಕದಲ್ಲಿ ಕೂತವರು ಗಮನಿಸಲಿ. ನ್ಯೂಟ್ರಲ್ ಹಾಕಿ ಹೋಲಿಸುವ ಅಗತ್ಯವಿಲ್ಲ. ಇನ್ನು ಮೆಸೇಜ್‌ನಲ್ಲಿ ಯಾವ ಕಾಲದ, ಯಾವ ಬಗೆಯ ಎಂಜಿನ್ ಅಂತ ಹೇಳಿದೆಯಾ ನೋಡಿ. ಸಾಮಾನ್ಯವಾಗಿ ಅದೇ ಇರುವುದಿಲ್ಲ.