ಊರು ತೋರಿಸೋ ಮಕ್ಕಳ ಬಾಯಿಗೆ ಬ್ರೋಷರ್ ತುರುಕಬೇಡಿ

ಗ್ರೀಸಿನ ಸ್ಕೂಲ್ ಮಕ್ಕಳು ತಮ್ಮ ಊರನ್ನ ಪರಿಚಯ ಮಾಡ್ಕೊಡೋ ವಿಡಿಯೋ, ಪ್ರೆಸೆಂಟೇಷನ್ ಸಿಕ್ಕಿದ್ರೆ ನಾನು ಬಿಡೋದೇ ಇಲ್ಲ, ಪೂರ್ತಿ ನೋಡ್ತೀನಿ. ಇತಿಹಾಸ ಪಾಠ ಮಾಡೋಳು ನಾನು, ಅದಕ್ಕೇ ಇರಬೇಕು. ಇ-ಟ್ವಿನಿಂಗ್ ಅಂತ ಯುರೋಪಿಯನ್ ಯೂನಿಯನ್ನಿನ ಒಂದು ಪ್ರೋಗ್ರಾಂ ಇದೆ, 2005ರಲ್ಲಿ ಶುರುವಾಗಿದ್ದು, ಒಂದು ದೇಶದ ಶಾಲೆ ಇನ್ನೊಂದು ದೇಶದ ಶಾಲೆ ಜೊತೆ ಆನ್‌ಲೈನಲ್ಲಿ ಸೇರ್ಕೊಂಡು ಪ್ರಾಜೆಕ್ಟ್ ಮಾಡ್ತವೆ, ಅಲ್ಲಿ ಎಷ್ಟೋ ಸಲ ಮೊದಲನೇ ಕೆಲಸಾನೇ ಇದು, ನಿಮ್ಮೂರು ಹೇಗಿದೆ ಹೇಳಿ ಅನ್ನೋದು.

ನನಗೆ ಬೇಜಾರಾಗೋದು ಏನಂದ್ರೆ, ಇವುಗಳಲ್ಲಿ ಸುಮಾರು ಟೂರಿಸಂ ಡಿಪಾರ್ಟ್‌ಮೆಂಟಿನ ಜಾಹೀರಾತಿನ ಥರ ಇರ್ತವೆ. ನೀಲಿ ಸಮುದ್ರ, ಬೆಟ್ಟದ ಮೇಲೊಂದು ಕೋಟೆ, ಊರಿನ ಸ್ಪೆಷಲ್ ತಿಂಡಿ, ಬನ್ನಿ ನಮ್ಮೂರಿಗೆ, ಥ್ಯಾಂಕ್ಯೂ. ತಪ್ಪು ಮಕ್ಕಳದ್ದಲ್ಲ, ಆ ಮಾತು ಬರ್ಕೊಟ್ಟಿರೋದು ದೊಡ್ಡೋರು ಅಂತ ಕೇಳಿದ ತಕ್ಷಣ ಗೊತ್ತಾಗ್ಬಿಡತ್ತೆ. ಎಲ್ಲೋ ಒಂದೊಂದು ಸಲ ಮಗು ಸ್ಕ್ರಿಪ್ಟ್ ಬಿಟ್ಟು ಮಾತಾಡತ್ತೆ ನೋಡಿ, ಆವಾಗ ಆ ಊರಿಗೆ ಜೀವ ಬರತ್ತೆ.

ನಾಫ್ಲಿಯೊ ಊರನ್ನೇ ತಗೊಳ್ಳಿ. ಆಥೆನ್ಸ್‌ಗಿಂತ ಮುಂಚೆ, 1834ರ ತನಕ, ಸ್ವತಂತ್ರ ಗ್ರೀಸಿನ ರಾಜಧಾನಿ ಆಗಿದ್ದ ಊರು. ಮೇಲೆ ಪಲಮಿಡಿ ಕೋಟೆ, ವೆನಿಸ್‌ನೋರು 1711ರಿಂದ 1714ರೊಳಗೆ ಕಟ್ಟಿದ್ದು, ಮಾರನೇ ವರ್ಷಾನೇ ತುರ್ಕರ ಪಾಲಾಯ್ತು. ಅಲ್ಲಿಗೆ ಹತ್ತೋಕೆ 999 ಮೆಟ್ಟಿಲು ಅಂತ ಊರೋರೆಲ್ಲ ಹೇಳ್ತಾರೆ, ಸಾವಿರನೇದನ್ನ ತುರ್ಕರ ವಿರುದ್ಧದ ಸ್ವಾತಂತ್ರ್ಯ ಯುದ್ಧದ ಸೇನಾಪತಿ ಕೊಲೊಕೊಟ್ರೋನಿಸ್‌ನ ಕುದುರೆ ಒದ್ದು ಮುರೀತು ಅಂತ ಕಥೆ ಬೇರೆ. ನಿಜವಾಗ್ಲೂ ಎಣಿಸಿದೋರಿಗೆ ಅಷ್ಟು ಸಿಗಲ್ಲ, ಕಮ್ಮಿನೇ ಸಿಗೋದು. ನಾನು ಹೋದಾಗ ಒಂದು ಶಾಲೆ ಗುಂಪು ಬಂದಿತ್ತು, ಇಬ್ಬರು ಹುಡುಗ್ರು ಜೋರಾಗಿ ಎಣಿಸ್ಕೊಂಡು ಹತ್ತುತಾ ಇದ್ರು, ಮಧ್ಯದಲ್ಲಿ ಒಡೆದ ಮೆಟ್ಟಿಲು ಸಿಕ್ಕಾಗೆಲ್ಲ ಇದನ್ನ ಒಂದು ಅಂತ ಲೆಕ್ಕ ಹಾಕ್ಬೇಕಾ ಬೇಡ್ವಾ ಅಂತ ಜಗಳ, ಅವರ ಟೀಚರ್ ಪುಣ್ಯಾತ್ಗಿತ್ತಿ ಒಂದು ಮಾತೂ ಬೈಲಿಲ್ಲ, ಇಬ್ಬರ ಲೆಕ್ಕಾನೂ ನೋಟ್‌ಬುಕ್ಕಲ್ಲಿ ಬರ್ಕೊಂಡ್ರು. ಊರೋರು ಹೇಳೋದು ಇಷ್ಟು, ನಮಗೆ ಸಿಕ್ಕಿದ್ದು ಇಷ್ಟು ಅಂತ ಎರಡನ್ನೂ ಬರೆಯೋದನ್ನ ಆ ವಯಸ್ಸಲ್ಲಿ ಕಲ್ತ್ರೆ ಇನ್ನೇನು ಬೇಕ್ರೀ.

ಅದೇ ಊರಲ್ಲಿ ಸೇಂಟ್ ಸ್ಪಿರಿಡಾನ್ ಅಂತ ಪುಟ್ಟ ಚರ್ಚ್ ಇದೆ. 1831ರಲ್ಲಿ ಗ್ರೀಸಿನ ಮೊದಲ ಗವರ್ನರ್ ಕಾಪೊಡಿಸ್ಟ್ರಿಯಾಸ್ ಪ್ರಾರ್ಥನೆಗೆ ಅಂತ ಬಂದಾಗ ಬಾಗಿಲಲ್ಲೇ ಅವರನ್ನ ಕೊಂದ್ರು, ಗುಂಡು ತಾಗಿದ ಗುರುತಿಗೆ ಗಾಜು ಹಾಕಿ ಇವತ್ತಿಗೂ ಇಟ್ಟಿದಾರೆ. ಕೊಂದೋರು ತುರ್ಕರಲ್ಲ, ಸ್ವಾತಂತ್ರ್ಯಕ್ಕೆ ಹೋರಾಡಿದ ಮಾವ್ರೊಮಿಹಾಲಿಸ್ ಮನೆತನದೋರೇ, ತಮ್ಮ ಮನೆ ಯಜಮಾನನ್ನ ಜೈಲಿಗೆ ಹಾಕಿದ್ದ ಅನ್ನೋ ಸಿಟ್ಟಿಗೆ. ಆಮೇಲೆ 1834ರಲ್ಲಿ ಯುದ್ಧ ಗೆಲ್ಲಿಸಿದ ಕೊಲೊಕೊಟ್ರೋನಿಸ್ ಮೇಲೇನೇ ದೇಶದ್ರೋಹದ ಕೇಸು, ಮರಣದಂಡನೆ! ಪೊಲಿಝೊಯಿಡಿಸ್, ಟೆರ್ಟ್ಸೆಟಿಸ್ ಅಂತ ಇಬ್ಬರು ಜಡ್ಜ್‌ಗಳು ಏನೇ ಒತ್ತಡ ಬಂದ್ರೂ ಸೈನ್ ಹಾಕಲ್ಲ ಅಂತ ಕೂತ್ರು. ಶಿಕ್ಷೆ ಜಾರಿ ಆಗ್ಲಿಲ್ಲ, ಆಮೇಲೆ ರಾಜ ಕ್ಷಮೆ ಕೊಟ್ಟ. ನಾಫ್ಲಿಯೊ ಮಗು ನನಗೆ ಊರು ತೋರಿಸೋದಾದ್ರೆ ಸೂರ್ಯಾಸ್ತಕ್ಕಿಂತ ಮೊದಲು ಈ ಇಬ್ಬರು ಜಡ್ಜ್‌ಗಳ ಕಥೆ ಹೇಳ್ಲಿ ಅಂತ ನನ್ನಾಸೆ.

ಇಲ್ಲೊಂದು ಮಾತು ಬರತ್ತೆ, ಮಕ್ಕಳ ಕೈಲಿ ಇಂಥ ಕಹಿ ವಿಷ್ಯ ಯಾಕೆ ಹೇಳಿಸ್ಬೇಕು, ಸಂತೋಷವಾಗಿರೋದು ಹೇಳ್ಲಿ ಬಿಡಿ ಅಂತ. ನಾನು ಒಪ್ಪಲ್ಲ. ಕಲಾವ್ರಿಟಾ ಅಂತ ಬೆಟ್ಟದೂರು ಇದೆ. ಸಮುದ್ರದ ದಡದಲ್ಲಿರೋ ದಿಯಾಕೊಫ್ತೊ ಇಂದ 22 ಕಿಲೋಮೀಟರ್ ಕಣಿವೆ ಒಳಗೆ ಹಲ್ಲಿನ ಹಳಿ ಮೇಲೆ ಹತ್ಕೊಂಡು ಹೋಗೋ ಪುಟಾಣಿ ರೈಲು, 1896ರಿಂದ ಇದೆ, ಚಳಿಗಾಲದಲ್ಲಿ ಹಿಮದ ಮೇಲೆ ಜಾರೋ ಜಾಗ, ಎಲ್ಲ ಇದೆ. ಆದ್ರೆ ಅಲ್ಲಿ ಪ್ರೈಮರಿ ಸ್ಕೂಲ್ ಆಗಿದ್ದ ಕಟ್ಟಡ ಈಗ ಮ್ಯೂಸಿಯಂ. 1943ರ ಡಿಸೆಂಬರ್ 13ರಂದು ಜರ್ಮನ್ ಸೈನಿಕರು ಹೆಂಗಸರು ಮಕ್ಕಳನ್ನ ಆ ಶಾಲೆ ಒಳಗೆ ಕೂಡಿಹಾಕಿ, ಗಂಡಸರನ್ನೂ ಬೆಳೆದ ಹುಡುಗರನ್ನೂ ಊರ ಪಕ್ಕದ ದಿಬ್ಬಕ್ಕೆ ಕರ್ಕೊಂಡು ಹೋಗಿ ಗುಂಡಿಟ್ಟು ಕೊಂದ್ರು, ನೂರಾರು ಜನ. ಚರ್ಚ್ ಗಡಿಯಾರದ ಒಂದು ಮುಖ 2:34ಕ್ಕೆ ನಿಂತಿದ್ದು ಹಾಗೇ ಇದೆ. ಈ ಊರಿನ ಮಗು ದಿನಾ ಆ ಗಡಿಯಾರದ ಕೆಳಗೇ ಓಡಾಡೋದಲ್ವಾ? ಗೊತ್ತಿರೋದನ್ನ ವಿಡಿಯೋದಲ್ಲಿ ಮುಚ್ಚಿಟ್ಟು ರೈಲು ಮಾತ್ರ ತೋರಿಸು ಅಂದ್ರೆ ಅದಕ್ಕೆ ಸುಳ್ಳು ಹೇಳೋದು ಕಲಿಸಿದ ಹಾಗೆ.

ಇದಕ್ಕಿಂತ ಕಷ್ಟ ಥೆಸಲೊನಿಕಿ ಮಕ್ಕಳದ್ದು, ಯಾಕಂದ್ರೆ ಅಲ್ಲಿ ಹೇಳ್ಬೇಕಾಗಿರೋದು ಈಗ ಊರಲ್ಲಿ ಹೆಚ್ಚುಕಮ್ಮಿ ಇಲ್ಲದೇ ಇರೋರ ಬಗ್ಗೆ. ಬಿಳಿ ಗೋಪುರದ ಮುಂದೆ ನಿಂತು ಎಲ್ರೂ ಫೋಟೋ ತೆಗಿಸ್ಕೋತಾರೆ ಸರಿ. 1492ರಲ್ಲಿ ಸ್ಪೇನ್ ಓಡಿಸಿದ ಯಹೂದಿಗಳು ಬಂದು ನೆಲೆ ನಿಂತ ಊರದು, ಶತಮಾನಗಟ್ಟಲೆ ಬಂದರಿನ ಬೀದೀಲಿ ಅವರ ಲಾಡಿನೊ ಭಾಷೆ ಕೇಳ್ತಿತ್ತು. 1943ರಲ್ಲಿ 45,000ಕ್ಕೂ ಜಾಸ್ತಿ ಯಹೂದಿಗಳನ್ನ ರೈಲಲ್ಲಿ ತುಂಬಿ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಸ್‌ಗೆ ಕಳಿಸಿದ್ರು. ಅವರ ಸ್ಮಶಾನವನ್ನ 1942ರ ಕೊನೇಲೇ ಒಡೆದು ಹಾಕಿದ್ರು, ಇವತ್ತು ಅರಿಸ್ಟಾಟಲ್ ಯೂನಿವರ್ಸಿಟಿ ನಿಂತಿರೋದು ಆ ಜಾಗದಲ್ಲೇ, ಕ್ಯಾಂಪಸ್ಸಲ್ಲಿ ಒಂದು ಸ್ಮಾರಕ ಬರೋಕೆ 2014 ಆಗ್ಬೇಕಾಯ್ತು. ಆಧುನಿಕ ತುರ್ಕಿ ಕಟ್ಟಿದ ಅತಾತುರ್ಕ್ ಹುಟ್ಟಿದ ಮನೇನೂ ಇದೇ ಊರಲ್ಲಿದೆ, ಅದನ್ನೂ ತೋರಿಸ್ಬೇಕು ಅಂತೀನಿ ನಾನು. ಮೂರು ಧರ್ಮದ ಜನ ಇದು ನಮ್ಮೂರು ಅಂದ್ಕೊಂಡಿದ್ದ ಊರನ್ನ ಒಬ್ಬರ ಊರು ಅಂತ ಪರಿಚಯ ಮಾಡ್ಕೊಟ್ರೆ ಅರ್ಧ ಊರೇ ಕಾಣೆ ಆಗತ್ತೆ.

ಮನೆ ಕಥೆಗಳಂತೂ ಇನ್ನೂ ಬೇಕು. 1923ರ ಒಪ್ಪಂದದಲ್ಲಿ ಗ್ರೀಸೂ ತುರ್ಕಿನೂ ಜನರನ್ನ ಅದಲು ಬದಲು ಮಾಡ್ಕೊಂಡ್ವು, ಹತ್ತಿರ ಹತ್ತಿರ 12 ಲಕ್ಷ ಕ್ರೈಸ್ತರು ಗ್ರೀಸಿಗೆ, ಸುಮಾರು 4 ಲಕ್ಷ ಮುಸ್ಲಿಮರು ತುರ್ಕಿಗೆ. ಕವಾಲಾ ಬಂದರಿಗೆ ಹೀಗೆ ಬಂದಿಳಿದ ಎಷ್ಟೋ ಜನ ಅಲ್ಲಿನ ತಂಬಾಕಿನ ಗೋದಾಮುಗಳಲ್ಲಿ ಎಲೆ ವಿಂಗಡಿಸೋ ಕೆಲಸಕ್ಕೆ ಸೇರ್ಕೊಂಡ್ರು. ಆ ಊರಿನ ಪ್ರೆಸೆಂಟೇಷನ್ನಲ್ಲಿ ಕಮಾನುಗಳ ನೀರಿನ ಕಾಲುವೆ ಬರತ್ತೆ, ಈಜಿಪ್ಟ್ ಆಳಿದ ಮೊಹಮ್ಮದ್ ಅಲಿ 1769ರಲ್ಲಿ ಹುಟ್ಟಿದ ಮನೆ ಬರತ್ತೆ, ಬರ್ಲಿ. ಆದ್ರೆ ನಮ್ಮ ಮುತ್ತಜ್ಜಿ ದೋಣಿಲಿ ಬಂದೋರು, ತಂಬಾಕು ಆರಿಸ್ತಿದ್ರು, ಅವರ ಊರು ಈಗ ತುರ್ಕಿಲಿದೆ ಅಂತ ಒಂದು ಮಗು ಹೇಳ್ಬಿಟ್ರೆ ಯಾವ ಗೈಡ್ ಬುಕ್ಕಲ್ಲೂ ಸಿಗದೇ ಇರೋದು ಸಿಕ್ಕ ಹಾಗಾಯ್ತು. ಕವಾಲಾದಿಂದ ಬಲವಂತವಾಗಿ ಹೊರಟು ಹೋದ ಮುಸ್ಲಿಂ ಮನೆಗಳ ಮಾತೂ ಅದರ ಜೊತೆಗೇ ಬರ್ಬೇಕು, ಅದಿಲ್ದೆ ಕಥೆ ಪೂರ್ತಿ ಆಗಲ್ಲ.

ಎಲ್ಲಾ ಊರೂ ದುಃಖಾನೇ ಹೇಳ್ಬೇಕು ಅಂತ ಖಂಡಿತ ಇಲ್ಲ. ಹಾಲ್ಕಿಡಾದಲ್ಲಿ ಸೇತುವೆ ಕೆಳಗೆ ಸಮುದ್ರದ ನೀರು ಆರಾರು ಗಂಟೆಗೆ ದಿಕ್ಕು ಬದಲಾಯಿಸತ್ತೆ, ತಿಂಗಳಲ್ಲಿ ಕೆಲವು ದಿನ ಆ ಲೆಕ್ಕಾನೂ ತಪ್ಪತ್ತೆ. ಇದು ಯಾಕೆ ಹೀಗೆ ಅಂತ ಗೊತ್ತಾಗ್ದೆ ಅರಿಸ್ಟಾಟಲ್ ನೀರಿಗೆ ಹಾರಿ ಸತ್ತ ಅಂತ ದಂತಕಥೆ ಇದೆ, ಅವನು ಕ್ರಿ.ಪೂ. 322ರಲ್ಲಿ ಅದೇ ಊರಲ್ಲಿ ತೀರ್ಕೊಂಡಿದ್ದು ನಿಜ, ಆದ್ರೆ ಕಾಯಿಲೆಯಿಂದ. ಮಕ್ಕಳು ಇದನ್ನ ಎಷ್ಟು ಖುಷಿಯಾಗಿ ಹೇಳ್ಬಹುದು, ಸೇತುವೆ ಮೇಲೆ ನಿಂತು ಒಂದು ಕಾಗದದ ದೋಣಿ ಬಿಟ್ಟು ಮಧ್ಯಾಹ್ನ ಯಾವ ಕಡೆ, ರಾತ್ರಿ ಯಾವ ಕಡೆ ಅಂತ ಶೂಟ್ ಮಾಡಿದ್ರೆ ಸಾಕು.

ಅಲ್ಲಿನ ಟೀಚರ್‌ಗಳು ಈ ಬರಹ ಓದಲ್ಲ, ಗೊತ್ತು. ಆದ್ರೆ ಆ ಪ್ರಾಜೆಕ್ಟ್‌ಗಳನ್ನ ನೋಡಿ ನಮ್ಮ ಶಾಲೇಲೂ ಮಾಡಿಸೋಣ ಅಂತ ಹೊರಟಿರೋ ಕನ್ನಡ ಮೇಷ್ಟ್ರುಗಳು ನನ್ನ ಲಿಸ್ಟಲ್ಲಿ ಇದೀರಲ್ಲ, ನಿಮಗೆ ಹೇಳ್ತಿದೀನಿ, ಮಕ್ಕಳಿಗೆ ಸ್ಕ್ರಿಪ್ಟ್ ಕೊಡೋಕೆ ಮುಂಚೆ ಒಂದು ವಾರ ಊರು ಸುತ್ತಿ ಮನೇಲಿರೋ ವಯಸ್ಸಾದೋರ ಹತ್ರ ಕೇಳ್ಕೊಂಡು ಬರೋಕೆ ಬಿಡಿ, ಏನು ತರ್ತಾರೋ ನೋಡ್ಕೊಂಡು ಆಮೇಲೆ ಕ್ಯಾಮೆರಾ ಆನ್ ಮಾಡಿ.