ಶನಿವಾರ ಪೂರ್ತಿ ಖಾಲಿ ಟ್ರಿಗರ್

“ಏನ್ ಸರ್ ಇದು, ಬೆಳಗ್ಗೆಯಿಂದ ಮಗಳ ಕೈಲಿ ಒಂದು ಪೆಲೆಟ್ಟೂ ಹೊಡೆಸಿಲ್ಲ. ಎರಡು ದಿನಕ್ಕೆ ಅಷ್ಟೊಂದು ಫೀಸ್ ಇಸ್ಕೊಂಡು ಬರೀ ಟಿಕ್ ಟಿಕ್ ಅನ್ನಿಸ್ತಾ ನಿಲ್ಲಿಸಿದಾರೆ!”

ವಾರಾಂತ್ಯದ ಏರ್ ರೈಫಲ್ ತರಬೇತಿಯಲ್ಲಿ ಶನಿವಾರ ಊಟದ ಹೊತ್ತಿಗೆ ಒಬ್ಬ ಅಪ್ಪ ಆಡಿದ ಮಾತು. ಪೆಲೆಟ್ ಅಂದರೆ ಏರ್ ರೈಫಲ್ಲಿನ ಪುಟ್ಟ ಸೀಸದ ಗುಂಡು. ಅದನ್ನು ಹಾಕದೆ ಬರೀ ಟ್ರಿಗರ್ ಒತ್ತಿ ಟಿಕ್ ಅನ್ನಿಸೋದೇ ಖಾಲಿ ಟ್ರಿಗರ್. ಪಕ್ಕದಲ್ಲಿದ್ದ ಇನ್ನಿಬ್ಬರು ಹೌದು ಹೌದು ಅಂತ ತಲೆ ಆಡಿಸಿದರು. ಅಲ್ಲಿ ಜಗಳ ಬೇಡ ಅಂತ ಸುಮ್ಮನಿದ್ದು ಇಲ್ಲಿ ಬರೀತಿದ್ದೇನೆ. ನನ್ನ ಬಲ್ಲವರಿಗೆ ಗೊತ್ತಲ್ಲ, ರೈಫಲ್ ವಿಷಯ ಬಂದರೆ ಎರಡು ಸಾಲಿಗೆ ಮುಗಿಸೋ ಗಿರಾಕಿ ನಾನಲ್ಲ. ಉದ್ದ ಆಯ್ತು ಅನ್ನಿಸಿದವರು ಈಗಲೇ ಮುಂದಿನ ರೀಲ್ಸಿಗೆ ಹೋಗಬಹುದು.

ಸ್ವಾಮಿ, ನಿಮ್ಮ ಮಗಳ ಪುಣ್ಯ, ಅಪರೂಪಕ್ಕೆ ಸರಿಯಾಗಿ ಕಲಿಸೋ ಕಡೆ ಬಂದು ಬಿದ್ದಿದ್ದಾಳೆ. ಬೇರೆ ಎಷ್ಟೋ ಕಡೆ ನಡೆಯೋದು ಏನು ಗೊತ್ತಾ? ಹತ್ತು ಗಂಟೆಗೆ ಹೋದರೆ ಹತ್ತೂಕಾಲಿಗೆ ಕೈಗೆ ಗನ್ನು, ಹತ್ತೂವರೆಗೆ ಫೋಟೋ (ಬೆರಳು ಟ್ರಿಗರ್ ಮೇಲೇ ಇರುತ್ತೆ, ಯಾರೂ ಕೇಳಲ್ಲ), ಭಾನುವಾರ ಸಂಜೆ ಹೊತ್ತಿಗೆ ಇನ್ನೂರು ಪೆಲೆಟ್ ಖಾಲಿ, ಕೈಗೊಂದು ಸರ್ಟಿಫಿಕೇಟ್. ಆ ಇನ್ನೂರು ಪೆಲೆಟ್‌ನಲ್ಲಿ ಮಗು ಕಲಿತದ್ದು ಟ್ರಿಗರ್ ಜಗ್ಗೋದು. ಆಮೇಲೆ ಆ ಚಾಳಿ ಬಿಡಿಸೋಕೆ ಕೋಚ್‌ಗೆ ಆರು ತಿಂಗಳು.

ಖಾಲಿ ಟ್ರಿಗರ್ ಯಾಕೆ ಅಂತ ಅರ್ಥ ಆಗಬೇಕಾದರೆ ಮೊದಲು ಟಾರ್ಗೆಟ್ ನೋಡಿ. ಹತ್ತು ಮೀಟರ್ ಏರ್ ರೈಫಲ್ ಟಾರ್ಗೆಟ್‌ನ ಅತಿ ಹೊರಗಿನ ಸುತ್ತಿನ ವ್ಯಾಸವೇ 45.5 ಮಿ.ಮೀ. ಒಂಬತ್ತರ ಸುತ್ತು 5.5 ಮಿ.ಮೀ. ಹತ್ತು ಅನ್ನೋದು ಅರ್ಧ ಮಿಲಿಮೀಟರಿನ ಚುಕ್ಕೆ. ಪೆಲೆಟ್ಟೇ 4.5 ಮಿ.ಮೀ. ಇರೋದರಿಂದ ಅದರ ಅಂಚು ಚುಕ್ಕೆಗೆ ತಾಗಿದರೂ ಹತ್ತು ಸಿಗುತ್ತೆ, ಅಂದರೆ ಪೆಲೆಟ್‌ನ ನಡುಮಧ್ಯ ಟಾರ್ಗೆಟ್‌ನ ನಡುಮಧ್ಯದಿಂದ ಎರಡೂವರೆ ಮಿಲಿಮೀಟರ್ ಒಳಗಿರಬೇಕು. ಈಗ ಗನ್ ಕಡೆ ಬನ್ನಿ. ಗುರಿ ನೋಡೋಕೆ ಹಿಂದೊಂದು ಕಿಂಡಿ, ಮುಂದೊಂದು ರಿಂಗ್, ಇವೇ ಸೈಟ್. ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ 80 ಸೆಂಟಿಮೀಟರ್ ದೂರ ಅಂತಿಟ್ಟುಕೊಳ್ಳಿ. ಟ್ರಿಗರ್ ಒತ್ತುವಾಗ ಮುಂದಿನ ತುದಿ 0.2 ಮಿ.ಮೀ. ಅಲುಗಿದರೆ ಸಾಕು, ಹತ್ತು ಮೀಟರ್ ಆಚೆ ಅದೇ ಎರಡೂವರೆ ಮಿಲಿಮೀಟರ್. ಹತ್ತು ಹೋಯಿತು. 0.2 ಮಿಲಿಮೀಟರ್! ಇದನ್ನು ಕೈಬಲದಿಂದ ಹಿಡಿದು ನಿಲ್ಲಿಸ್ತೀನಿ ಅನ್ನೋರಿಗೆ ದೊಡ್ಡ ನಮಸ್ಕಾರ.

ಈಗ ಶನಿವಾರ ಬೆಳಗ್ಗೆ “ಏನೂ ಕಲಿಸಲಿಲ್ಲ” ಅಂದಿರಲ್ಲ, ಆ ಏನೂ ಇಲ್ಲದ್ದರಲ್ಲಿ ಏನೇನಿತ್ತು ಹೇಳ್ತೀನಿ.

ಸುರಕ್ಷತೆಯ ವಿಷಯ ಬೇಗ ಹೇಳಿ ಮುಗಿಸ್ತೀನಿ, ಅದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ನಳಿಗೆ ಸದಾ ಟಾರ್ಗೆಟ್ ಕಡೆ. ಹೊಡೆಯದೇ ಇರುವಾಗ ನಳಿಗೆಯ ಉದ್ದಕ್ಕೂ ಬಣ್ಣದ ಸೇಫ್ಟಿ ದಾರ, ಎರಡೂ ತುದಿ ಹೊರಗೆ ಕಾಣಬೇಕು. ‘ಸ್ಟಾಪ್’ ಅಂದರೆ ಬೆರಳು ಆಚೆ, ‘ಅನ್‌ಲೋಡ್’ ಅಂದರೆ ಪೆಲೆಟ್ ಆಚೆ. ಯಾರಾದರೂ ಫೈರಿಂಗ್ ಲೈನ್ ದಾಟಿ ಮುಂದೆ ಹೋಗಿದ್ದರೆ ಯಾರೂ ಗನ್ ಮುಟ್ಟುವ ಹಾಗಿಲ್ಲ. ಪೆಲೆಟ್ ಸೀಸದ್ದು, ಮುಟ್ಟಿದ ಕೈಯಲ್ಲಿ ಚಿಪ್ಸ್ ತಿನ್ನುವ ಹಾಗಿಲ್ಲ, ಸೋಪು ಹಾಕಿ ತೊಳೆಯಬೇಕು. ಈ ಕೊನೆಯದನ್ನು ಮಕ್ಕಳು ಪಾಲಿಸ್ತಾರೆ, ಅಪ್ಪಂದಿರು ಪಾಲಿಸಲ್ಲ.

ಆಮೇಲೆ ಕಣ್ಣು. ಎರಡೂ ಕೈ ಮುಂದೆ ಚಾಚಿ, ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಅದರಲ್ಲಿ ದೂರದ ಗಡಿಯಾರ ನೋಡಬೇಕು. ಒಂದೊಂದೇ ಕಣ್ಣು ಮುಚ್ಚಿದಾಗ ಯಾವ ಕಣ್ಣಿಗೆ ಗಡಿಯಾರ ಕಾಣ್ತಾನೇ ಇರುತ್ತೋ ಅದು ಜೋರಿನ ಕಣ್ಣು. ಬಲಗೈ ರೂಢಿಯವರಿಗೆ ಎಡಗಣ್ಣು ಜೋರಾಗಿರೋದು ಏನೂ ವಿಚಿತ್ರ ಅಲ್ಲ. ಅಂಥವರನ್ನು ಮೊದಲ ದಿನವೇ ಪತ್ತೆ ಹಚ್ಚಿ, ಯಾವ ಭುಜ ಅಂತ ತೀರ್ಮಾನಿಸಬೇಕು. ಇನ್ನೊಂದು ಕಣ್ಣನ್ನು ಮುಚ್ಚಿಸಬಾರದು. ಒಂದು ಕಣ್ಣು ಬಿಗಿಯಾಗಿ ಮುಚ್ಚಿದರೆ ಮುಖದ ಅರ್ಧ ಭಾಗ ಬಿಗಿಯುತ್ತೆ, ತೆರೆದ ಕಣ್ಣಿಗೂ ಆಯಾಸ. ಅದಕ್ಕೇ ಸೈಟ್ ಪಕ್ಕ ಆ ಕಣ್ಣಿಗೆ ಅಡ್ಡ ಬರೋ ಒಂದು ಸಣ್ಣ ಬ್ಲೈಂಡರ್ ಪಟ್ಟಿ. ಕನ್ನಡಕದವರಿಗೆ ಇನ್ನೊಂದು ತಾಪತ್ರಯ: ತಲೆ ವಾಲಿಸಿದಾಗ ಲೆನ್ಸ್‌ನ ಮೂಲೆಯಿಂದ ನೋಡೋ ಹಾಗಾಗುತ್ತೆ, ಟಾರ್ಗೆಟ್ಟಿನ ಕಪ್ಪು ವೃತ್ತ ಮೊಟ್ಟೆಯಾಕಾರಕ್ಕೆ ಕಾಣುತ್ತೆ. ಮೊದಲ ವಾರಾಂತ್ಯಕ್ಕೆ ಕನ್ನಡಕ ಮೂಗಿನ ಮೇಲೆ ಎತ್ತರಿಸಿಕೊಂಡರೆ ಸಾಕು, ಶೂಟರ್ ಗಳ ವಿಶೇಷ ಕನ್ನಡಕದ ಫ್ರೇಮ್ ಆಮೇಲೆ ನೋಡೋಣ.

ನಿಲುವಿನ ವಿಷಯಕ್ಕೆ ಅರ್ಧ ದಿನ ಹೋದರೂ ನನಗೆ ಬೇಜಾರಿಲ್ಲ. ಬಲಗೈಯವರ ಲೆಕ್ಕದಲ್ಲಿ ಹೇಳ್ತೀನಿ. ಟಾರ್ಗೆಟ್‌ಗೆ ಎಡಭುಜ ತೋರಿಸಿ ಅಡ್ಡಕ್ಕೆ ನಿಲ್ಲಬೇಕು, ಪಾದಗಳ ನಡುವೆ ಭುಜದಷ್ಟು ಅಗಲ, ಮಂಡಿ ನೇರ ಆದರೆ ಬಿಗಿ ಇಲ್ಲ. ಎಡ ಸೊಂಟ ಟಾರ್ಗೆಟ್ ಕಡೆಗೆ ಸ್ವಲ್ಪ ತಳ್ಳಿ, ಎಡ ಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಅಥವಾ ಪಕ್ಕೆಗೆ ಒರಗಿಸಬೇಕು. ಗನ್ನಿನ ಭಾರ (ನಿಯಮದ ಪ್ರಕಾರ ಗರಿಷ್ಠ 5.5 ಕೆ.ಜಿ.) ಅಂಗೈ, ಮುಂಗೈ, ಮೊಣಕೈ, ಸೊಂಟ, ಕಾಲು ಅಂತ ಮೂಳೆಯ ಮೇಲೇ ನೆಲಕ್ಕೆ ಇಳಿಯಬೇಕು. ತೋಳಿನ ಸ್ನಾಯು ಹೊತ್ತರೆ ಐದು ನಿಮಿಷಕ್ಕೆ ನಡುಕ ಶುರು. ಪಂದ್ಯದಲ್ಲಿ 60 ಗುಂಡು, 75 ನಿಮಿಷ. ಲೆಕ್ಕ ಹಾಕಿ. ಇನ್ನು ಕೆನ್ನೆ: ಗನ್ ಎತ್ತಿ ಮುಖದ ಹತ್ತಿರ ತರಬೇಕು, ಕತ್ತು ಚಾಚಿ ಗನ್ ಹುಡುಕಿಕೊಂಡು ಹೋಗಬಾರದು. ಪ್ರತಿ ಸಲವೂ ಕೆನ್ನೆ ಅದೇ ಜಾಗದಲ್ಲಿ, ಅದೇ ಒತ್ತಡದಲ್ಲಿ ಕೂರಬೇಕು.

ಇಲ್ಲಿಂದ ಮುಂದಿನದನ್ನು ಯೂಟ್ಯೂಬ್ ಪಂಡಿತರು ಹಾರಿಸಿಬಿಡ್ತಾರೆ. ಗುರಿ ಇಟ್ಟು ಕಣ್ಣು ಮುಚ್ಚಿ, ಎರಡು ಸಲ ಉಸಿರಾಡಿ, ಕಣ್ಣು ಬಿಡಿ. ಗನ್ ಈಗ ಎಲ್ಲಿ ನೋಡ್ತಿದೆಯೋ ಅದು ನಿಮ್ಮ ದೇಹದ ಸಹಜ ದಿಕ್ಕು. ಕಪ್ಪು ವೃತ್ತದ ಎಡಕ್ಕೋ ಬಲಕ್ಕೋ ಇದ್ದರೆ ಕೈಯಿಂದ ಎಳೆದು ಸರಿ ಮಾಡಬೇಡಿ, ಹಿಂದಿನ ಪಾದ ಒಂದಿಷ್ಟು ಸರಿಸಿ. ಮೇಲೆ ಕೆಳಗೆ ಇದ್ದರೆ ಎಡಗೈ ಹಿಡಿತದ ಎತ್ತರ ಇಲ್ಲವೇ ಬಟ್ ಪ್ಲೇಟ್ (ಭುಜಕ್ಕೆ ಒತ್ತಿ ಕೂರೋ ಹಿಂಭಾಗ) ಬದಲಿಸಿ. ಕೈಯಿಂದ ಎಳೆದು ಹಿಡಿದ ಗನ್ ಟ್ರಿಗರ್ ಒತ್ತಿದ ಕ್ಷಣಕ್ಕೆ ತನ್ನ ಜಾಗಕ್ಕೆ ವಾಪಸ್ ಹೋಗುತ್ತೆ. ಪೆಲೆಟ್ಟೂ ಅದರ ಜೊತೆ ಹೋಗುತ್ತೆ.

ಇಷ್ಟಾದ ಮೇಲೆ ಟ್ರಿಗರ್. ಟಿಕ್ ಟಿಕ್.

ಏರ್ ಪಿಸ್ತೂಲಿಗೆ ಟ್ರಿಗರ್ ಭಾರ ಕನಿಷ್ಠ 500 ಗ್ರಾಂ ಇರಲೇಬೇಕು ಅಂತ ನಿಯಮ ಇದೆ. ಏರ್ ರೈಫಲ್‌ಗೆ ಅಂಥ ಮಿತಿಯೇ ಇಲ್ಲ. ಮ್ಯಾಚ್ ರೈಫಲ್ ಟ್ರಿಗರ್ 100 ಗ್ರಾಂ ಆಸುಪಾಸಿನಲ್ಲಿರುತ್ತೆ, ಹೊಸಬರು ಮುಟ್ಟಿದರೇ ಹಾರಿಬಿಡುತ್ತೆ. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಟ್ರಿಗರ್ ಮೇಲೆ, ಅದೇ ಬೆರಳಿನ ಉಳಿದ ಭಾಗ ಗನ್ನಿನ ಮರಕ್ಕೆ ಒತ್ತಿಕೊಂಡಿರಬಾರದು. ಉಸಿರು ಬಿಟ್ಟು, ಮತ್ತೆ ಎಳೆದುಕೊಳ್ಳೋ ಮುಂಚಿನ ಸಹಜ ವಿರಾಮದಲ್ಲಿ ಟ್ರಿಗರಿನ ಎರಡು ಹಂತಗಳಲ್ಲಿ ಮೊದಲನೆಯದನ್ನು ಒತ್ತಿ ನಿಲ್ಲಿಸಬೇಕು. ಹಿಂದಿನ ಸೈಟ್‌ನ ಕಿಂಡಿ, ಮುಂದಿನ ರಿಂಗ್, ಅದರೊಳಗೆ ಕಪ್ಪು ವೃತ್ತ. ಸುತ್ತಲೂ ಬಿಳಿ ಸಮನಾಗಿ ಕಂಡಾಗ ಎರಡನೇ ಹಂತವನ್ನು ನೇರ ಹಿಂದಕ್ಕೆ, ಮೆಲ್ಲಗೆ ಒತ್ತುತ್ತಾ ಹೋಗಬೇಕು. ಉಸಿರು ನಿಲ್ಲಿಸಿದ ಮೇಲೆ ಆರೆಂಟು ಸೆಕೆಂಡ್ ಒಳಗೆ ಆಗದಿದ್ದರೆ ಗನ್ ಇಳಿಸಿಬಿಡಿ. ಹೊಸಬರಿಗೆ ಈ ಇಳಿಸೋದೇ ಅವಮಾನ. ಹತ್ತು ಹನ್ನೆರಡು ಸೆಕೆಂಡ್ ಹಿಡಿದರೆ ಕಣ್ಣಲ್ಲಿ ಹಳೆಯ ಚಿತ್ರವೇ ಅಂಟಿಕೊಂಡಿರುತ್ತೆ, ಗನ್ ಆಗಲೇ ಬೇರೆ ಕಡೆ ಹೋಗಿರುತ್ತೆ, ಆದರೂ “ಸರಿಯಾಗೇ ಇತ್ತಲ್ಲ ಸರ್” ಅಂತಾರೆ.

ಪೆಲೆಟ್ ಹಾಕಿ ಹೊಡೆದರೆ ಇದ್ಯಾವುದೂ ಕಾಣಲ್ಲ. ‘ಪಟ್’ ಅನ್ನೋ ಸದ್ದು, ಸಣ್ಣ ಅಲುಗಾಟ, ಪಕ್ಕದ ಮಾನಿಟರ್‌ನಲ್ಲಿ ಬರೋ ಅಂಕ, ಎಲ್ಲಾ ಸೇರಿ ತಪ್ಪನ್ನು ಮುಚ್ಚಿಹಾಕುತ್ತವೆ. ಹೊಸಬರ ತಲೆ ನೋಡಿ, ಟ್ರಿಗರ್ ಒತ್ತುವ ಮುಂಚೆಯೇ ಮಾನಿಟರ್ ಕಡೆ ತಿರುಗೋಕೆ ಹೊರಟಿರುತ್ತೆ. ಟ್ರಿಗರ್ ಒತ್ತಿದ ಮೇಲೆ, ಒಳಗಿನ ಸುತ್ತಿಗೆ ವಾಲ್ವ್‌ಗೆ ಬಡಿದು, ಗಾಳಿ ಪೆಲೆಟ್ಟನ್ನು ನಳಿಗೆಯ ಉದ್ದಕ್ಕೂ ತಳ್ಳೋಕೆ ಕೆಲವು ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಕೆನ್ನೆ ಎದ್ದರೆ ಮುಗೀತು. ಖಾಲಿ ಹೊಡೆತದಲ್ಲಿ ‘ಪಟ್’ ಇಲ್ಲ, ಅಂಕ ಇಲ್ಲ, ನೋಡೋಕೆ ಉಳಿಯೋದು ಮುಂದಿನ ರಿಂಗ್ ಒಂದೇ. ಆ ಅಪ್ಪನ ಮಗಳೇ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಟಿಕ್ ಅನ್ನಿಸಿ, ಗನ್ ಇಳಿಸದೆ ಎರಡು ಸೆಕೆಂಡ್ ಹಾಗೇ ನಿಂತು, “ಸರ್, ರಿಂಗ್ ಬಲಕ್ಕೆ ಹಾರಿತು” ಅಂದಳು. ಕೋಚ್ ಅವಳ ಬೆರಳು ನೋಡಿದರು. ಮೊದಲ ಗೆಣ್ಣು ದಾಟಿ ಒಳಗೆ ಹೋಗಿತ್ತು, ಟ್ರಿಗರ್ ಜೊತೆ ಗನ್ನೂ ಪಕ್ಕಕ್ಕೆ ಎಳೀತಿತ್ತು. ಬೆರಳು ಹಿಂದಕ್ಕೆ ತೆಗೆಸಿದರು, ಮುಂದಿನ ಟಿಕ್‌ಗೆ ರಿಂಗ್ ಅಲುಗಲಿಲ್ಲ. ಅಪ್ಪನಿಗೆ ಇದು ಕಾಣಲೇ ಇಲ್ಲ, ಪೆಲೆಟ್ ಡಬ್ಬಿ ಸೀಲ್ ಒಡೆದಿಲ್ಲ ಅನ್ನೋದು ಮಾತ್ರ ಕಂಡಿತು.

ಸಂಗೀತದ ಕ್ಲಾಸಿಗೆ ಸೇರಿಸಿ ತಿಂಗಳುಗಟ್ಟಲೆ ಸರಳೆ ವರಸೆಗೆ ಫೀಸ್ ಕಟ್ಟೋ ಜನ ಇವರೇ. ಅಲ್ಲಿ ಯಾರಾದರೂ “ಇವತ್ತು ಕೀರ್ತನೆ ಯಾಕೆ ಹಾಡಿಸಲಿಲ್ಲ” ಅಂತ ಟೀಚರ್ ಹತ್ತಿರ ಜಗಳಕ್ಕೆ ಹೋಗಿದ್ದು ನಾನಂತೂ ನೋಡಿಲ್ಲ.

“ಮಕ್ಕಳಿಗೆ ಬೋರ್ ಆಗುತ್ತೆ ಸರ್, ಆಸಕ್ತಿ ಹೊರಟು ಹೋಗುತ್ತೆ” ಅನ್ನೋ ವಾದ ಇದೆ. ಇರಲಿ, ದಿನದ ಕೊನೆಗೆ ಹತ್ತು ಪೆಲೆಟ್ ಕೊಡಿ, ನನ್ನ ತಕರಾರಿಲ್ಲ. ಆದರೆ ಬೋರ್ ಆಗೋದು ಮಕ್ಕಳಿಗಲ್ಲ, ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವರಿಗೆ. ಮಕ್ಕಳು ಟಿಕ್ ಟಿಕ್‌ನಲ್ಲೇ ಪೈಪೋಟಿಗೆ ಬಿದ್ದಿದ್ದರು.

ಇನ್ನೊಬ್ಬರು ಕೊಡಗಿನ ಮಾತು ತೆಗೆದರು. ಕೈಲ್‌ಪೊಳ್ದ್ (ಕೊಡವರು ಆಯುಧ ಪೂಜಿಸೋ ಹಬ್ಬ) ದಿನ ತೆಂಗಿನಕಾಯಿಗೆ ಗುಂಡು ಹೊಡೀತಾರಲ್ಲ, ಅವರಿಗೆ ಯಾರು ಖಾಲಿ ಟ್ರಿಗರ್ ಕಲಿಸಿದರು ಅಂತ. ಕೊಡಗಿನ ಗುರಿಕಾರರ ಬಗ್ಗೆ ನನಗೆ ಗೌರವ ಇದೆ, ಕೋವಿಯನ್ನು ಪೂಜೆ ಮಾಡಿ ಇಟ್ಟುಕೊಳ್ಳೋ ಮನೆಗಳಲ್ಲಿ ಅದನ್ನು ಹಿಡಿಯೋ ಶಿಸ್ತು ಚಿಕ್ಕಂದಿನಿಂದಲೇ ಬರುತ್ತೆ. ಆದರೆ ತೆಂಗಿನಕಾಯಿ ಎಲ್ಲಿ, ಅರ್ಧ ಮಿಲಿಮೀಟರ್ ಚುಕ್ಕೆ ಎಲ್ಲಿ? ಅದು ಹಬ್ಬದ ದಿನ ಕಾಯಿ ಒಡೆಯೋ ಒಂದು ಹೊಡೆತದ ಸೊಗಸು, ಇದು ಒಂದೇ ಕೆಲಸವನ್ನು 60 ಸಲ ಒಂದೇ ಥರ ಮಾಡೋದು.

2008ರ ಬೀಜಿಂಗ್ ಒಲಿಂಪಿಕ್ಸಿನ ಹತ್ತು ಮೀಟರ್ ಏರ್ ರೈಫಲ್ ಫೈನಲ್ ಎಲ್ಲರಿಗೂ ನೆನಪಿದೆ. ಫೈನಲ್ಲಿನಲ್ಲಿ ಅಂಕ ದಶಮಾಂಶದಲ್ಲಿ, ಹತ್ತರ ಒಳಗೂ 10.0ರಿಂದ 10.9ರವರೆಗೆ. ಕೊನೆಯ ಗುಂಡಿಗೆ ಮುಂಚೆ ಅಭಿನವ್ ಬಿಂದ್ರಾ ಮತ್ತು ಫಿನ್ಲೆಂಡಿನ ಹೆನ್ರಿ ಹಕ್ಕಿನೆನ್ ಸಮಸಮ. ಬಿಂದ್ರಾ 10.8 ಹೊಡೆದರು, ಹಕ್ಕಿನೆನ್ 9.7. ಒಬ್ಬರಿಗೆ ಚಿನ್ನ, ಇನ್ನೊಬ್ಬರು ಕಂಚಿಗೆ ಇಳಿದರು. 0.1 ಅಂಕ ಅಂದರೆ ಕಾಲು ಮಿಲಿಮೀಟರ್. ಆ 1.1 ಅಂಕದ ಅಂತರ ಮೂರು ಮಿಲಿಮೀಟರೂ ಇಲ್ಲ. ಆ ಫೈನಲ್ ವಿಡಿಯೋವನ್ನು ವಾಟ್ಸಾಪ್ ಸ್ಟೇಟಸ್ ಹಾಕೋರೇ “ಒಂದು ಪೆಲೆಟ್ಟೂ ಹೊಡೆಸಿಲ್ಲ” ಅಂತ ಗೊಣಗೋದು. ನನಗೆ ಸಿಟ್ಟು ಬರೋದು ಇದಕ್ಕೇ. ತಾಳ್ಮೆ ಬೇಡುವ ಆಟದ ಬಗ್ಗೆ ಇಷ್ಟು ತಾಳ್ಮೆಗೆಟ್ಟು ಬರೀತಿದ್ದೇನೆ ಅಂತ ನಗೋರು ನಗಿ.

ಭಾನುವಾರ ಪೆಲೆಟ್ ಬಂತು. ಅದರಲ್ಲೂ ಮೊದಲು ಗನ್ನನ್ನು ಸ್ಟ್ಯಾಂಡ್ ಮೇಲೆ ಊರಿಕೊಂಡು, ಆಮೇಲೆ ಬರೀ ಕೈಯಲ್ಲಿ. ಐದೈದು ಗುಂಡಿನ ಗುಂಪು, ಅಂಕ ನೋಡೋ ಹಾಗಿಲ್ಲ, ಮಾನಿಟರ್ ಬೇರೆ ಕಡೆ ತಿರುಗಿಸಿಟ್ಟಿದ್ದರು (ಈ ಕೋಚ್‌ಗೆ ನನ್ನ ಪ್ರಣಾಮ). ಐದೂ ಒತ್ತಾಗಿ ಒಂದೇ ಮೂಲೆಯಲ್ಲಿ ಬಿದ್ದರೆ ಅದು ಏಳು ಅಂಕದ ಜಾಗವಾದರೂ ಒಳ್ಳೆ ಸುದ್ದಿ, ಸೈಟ್ ತಿರುಗಿಸಿದರೆ ಗುಂಪು ಮಧ್ಯಕ್ಕೆ ಬರುತ್ತೆ. ಚದುರಿ ಬಿದ್ದರೆ ಸೈಟ್ ಮುಟ್ಟಿ ಪ್ರಯೋಜನ ಇಲ್ಲ. ಮೇಲೆ ಕೆಳಗೆ ಉದ್ದಕ್ಕೆ ಚದುರಿದ್ದರೆ ಮೊದಲು ಉಸಿರು ಮತ್ತು ಕೆನ್ನೆ ನೋಡಿ. ಅಡ್ಡಕ್ಕೆ ಚದುರಿದ್ದರೆ ಪಾದ, ಬೆರಳು, ಗನ್ ವಾಲಿಸಿ ಹಿಡಿಯೋದು. ಒಂದೊಂದು ಗುಂಡಿಗೂ ಒಂದೊಂದು ಕ್ಲಿಕ್ ತಿರುಗಿಸ್ತಾ ಕೂತರೆ ಸಂಜೆವರೆಗೂ ಗುಂಡಿನ ಹಿಂದೆ ಓಡ್ತಾನೇ ಇರಬೇಕು.

ಹೊಸದಾಗಿ ಸೇರೋರು ಜಾಕೆಟ್, ಪ್ಯಾಂಟು, ಗ್ಲೌಸ್ ಅಂತ ಮೊದಲೇ ಸಾಲ ಮಾಡಬೇಡಿ. ದಪ್ಪ ಕ್ಯಾನ್ವಾಸ್ ಜಾಕೆಟ್ ಹಾಕಿದರೆ ನಿಲುವಿನ ತಪ್ಪನ್ನೂ ಅದೇ ಹೊತ್ತು ನಿಲ್ಲಿಸುತ್ತೆ. ಅಡಿ ಚಪ್ಪಟೆಯಾದ ಶೂ, ತೋಳು ಬಿಗಿಯಿಲ್ಲದ ಶರಟು ಸಾಕು. ದಪ್ಪ ಬೆಲ್ಟ್ ಬೇಡ, ಮೊಣಕೈ ಊರೋ ಜಾಗಕ್ಕೇ ಅಡ್ಡ ಬರುತ್ತೆ. ಖಾಲಿ ಹೊಟ್ಟೆಯಲ್ಲೂ ಬರಬೇಡಿ.

ಇನ್ನೊಂದು, ಇದನ್ನು ಓದಿ ಉತ್ಸಾಹ ಬಂದು ಅಟ್ಟದ ಮೇಲಿನ ಹಳೇ ಸ್ಪ್ರಿಂಗ್ ಏರ್‌ಗನ್ ಇಳಿಸೋರಿಗೆ: ಅದರಲ್ಲಿ ಖಾಲಿ ಟ್ರಿಗರ್ ಒತ್ತಬೇಡಿ. ಪೆಲೆಟ್ ಇಲ್ಲದಿದ್ದರೆ ಪಿಸ್ಟನ್‌ಗೆ ಎದುರೊತ್ತಡ ಸಿಗದೆ ಸಿಲಿಂಡರಿನ ಮುಂಭಾಗಕ್ಕೆ ನೇರ ಬಡಿಯುತ್ತೆ, ಸೀಲ್ ಹರಿಯುತ್ತೆ, ಸ್ಪ್ರಿಂಗ್ ಮುರಿಯುತ್ತೆ. ನಾನು ಹೇಳ್ತಿರೋದು ಖಾಲಿ ಹೊಡೆತಕ್ಕೆ ಅಂತಲೇ ಬೇರೆ ವ್ಯವಸ್ಥೆ ಇರೋ ಗಾಳಿ ಸಿಲಿಂಡರಿನ ಮ್ಯಾಚ್ ರೈಫಲ್ ಬಗ್ಗೆ. ಸ್ಪ್ರಿಂಗ್ ಗನ್ ಇದ್ದವರು ಸ್ಪ್ರಿಂಗ್ ಎಳೆಯದೆ, ಪೆಲೆಟ್ ಇಲ್ಲ ಅಂತ ಎರಡು ಸಲ ನೋಡಿಕೊಂಡು, ಬಿಳಿ ಗೋಡೆಗೆ ಹಿಡಿದು ಅರ್ಧ ನಿಮಿಷ ನಿಲ್ಲೋದು ಅಭ್ಯಾಸ ಮಾಡಿ, ಗೋಡೆಯ ಆಚೆ ಯಾರೂ ಓಡಾಡದ ಕಡೆ.

“ಯಾವ ಗನ್ ತಗೊಳ್ಳಲಿ” ಅಂತ ಇನ್‌ಬಾಕ್ಸ್‌ಗೆ ಬರಬೇಡಿ. ಮೊದಲು ಒಂದು ಶನಿವಾರ ಟಿಕ್ ಟಿಕ್ ಮಾಡಿ ಬನ್ನಿ, ಆಮೇಲೆ ಮಾತಾಡೋಣ.