ಸಾರಿನ ಬಟ್ಟಲಿಗೆ ಮಳೆ ಬಿದ್ದರೆ ಒಳಗೆ ನಡಿ

ನಮ್ಮೂರಲ್ಲಿ ಮದುವೆ ಚಪ್ಪರಕ್ಕೆ ಸೋಗೆ ಎಷ್ಟು ದಟ್ಟವಾಗಿ ಹೊದಿಸಿದರೆ ಹೊದಿಸಿದವನಿಗೆ ಅಷ್ಟು ಹೆಸರು. ಯೆಹೂದಿಗಳ ಸುಕ್ಕೋತ್ ಹಬ್ಬದ ಚಪ್ಪರದಲ್ಲಿ ಹಾಗಿಲ್ಲ. ಹಗಲು ಬಿಸಿಲಿಗಿಂತ ನೆರಳು ಜಾಸ್ತಿ ಇರಬೇಕು ನಿಜ, ಆದರೆ ರಾತ್ರಿ ಸಂದಿಯಲ್ಲಿ ನಕ್ಷತ್ರ ಕಂಡರೆ ಚೆನ್ನ. ಮಳೆ ನಿಲ್ಲಿಸುವಷ್ಟು ಗಟ್ಟಿ ಮಾಡಿದರೆ ಅದು ಚಪ್ಪರವೇ ಅಲ್ಲ, ಮನೆ.

ಯೋಮ್ ಕಿಪ್ಪುರ್ ಉಪವಾಸ ಮುಗಿದ ಐದನೇ ದಿನಕ್ಕೆ, ತಿಶ್ರಿ ತಿಂಗಳ ಹುಣ್ಣಿಮೆಗೆ ಹಬ್ಬ ಶುರು. ಏಳು ದಿನ. 2025ರಲ್ಲಿ ಅಕ್ಟೋಬರ್ 6ರ ಸಂಜೆ ಬಂತು. ಮಲೆನಾಡಿನವರು ಹೊಲದಲ್ಲಿ ಭೂಮಿ ಹುಣ್ಣಿಮೆ ಮಾಡಿದ್ದೂ ಅದೇ ಚಂದ್ರನಿಗೆ.

ಕಣದ ಕಾಳು, ದ್ರಾಕ್ಷಿ ಎಲ್ಲ ಮನೆ ಸೇರಿದ ಮೇಲೆ ಬರುವ ಹಬ್ಬ ಇದು. ಜೊತೆಗೆ ಈಜಿಪ್ಟ್ ಬಿಟ್ಟು ಬಂದ ಅವರ ಪೂರ್ವಜರು ಚಪ್ಪರಗಳಲ್ಲಿ ಬದುಕಿದ್ದರ ನೆನಪು. ನನಗೆ ಹಿಡಿಸಿದ್ದು ಇದೇ. ಕಣಜ ತುಂಬಿ, ಕಾಲು ಚಾಚಿ ಮಲಗಬೇಕಾದ ವಾರದಲ್ಲೇ ಧರ್ಮಗ್ರಂಥ ಹೊರಗೆ ಚಪ್ಪರದಲ್ಲಿ ಹೋಗಿ ಕೂರು ಅನ್ನುತ್ತದೆ. ಒಬ್ಬನೇ ಅಲ್ಲ. ಆಳುಗಳು, ಪರದೇಶಿ, ಅನಾಥರು, ವಿಧವೆಯರು, ಎಲ್ಲರ ಜೊತೆ ಸಂತೋಷಪಡಬೇಕು. ಬರೀ ತ್ಯಾಗದ ಹಬ್ಬ ಅಂದುಕೊಂಡರೆ ತಪ್ಪು. ಇದಕ್ಕೆ ಅವರು ಇಟ್ಟಿರುವ ಇನ್ನೊಂದು ಹೆಸರೇ ‘ನಮ್ಮ ಸಂತೋಷದ ಕಾಲ’.

ನ್ಯೂಜೆರ್ಸಿಯಲ್ಲಿದ್ದಾಗ ಪಕ್ಕದ ಮನೆಯ ಅಜ್ಜ ಹಬ್ಬದ ನಾಲ್ಕನೇ ದಿನ ಊಟಕ್ಕೆ ಕರೆದಿದ್ದರು. ಹಿತ್ತಿಲಲ್ಲಿ ಹಲಗೆಯ ಗೋಡೆ, ಮೇಲೆ ಬಿದಿರಿನ ಚಾಪೆ, ಮೊಮ್ಮಕ್ಕಳು ದಾರಕ್ಕೆ ಪೋಣಿಸಿದ ಬಣ್ಣದ ಕಾಗದ. ಅಲ್ಲೇ ಒಂದು ಮೇಪಲ್ ಮರ ಇತ್ತು. ಅದರ ಕೆಳಗೇ ಕಟ್ಟಬಹುದಿತ್ತಲ್ಲ ಎಂದೆ. ‘ಮರದ ಕೆಳಗೆ ಕಟ್ಟಿದರೆ ನಡೆಯಲ್ಲ. ಕಡಿದು ತಂದ ಸೊಪ್ಪು, ಬಿದಿರು ಆಗಬೇಕು, ಬೇರು ಬಿಟ್ಟಿದ್ದು ಆಗಲ್ಲ’ ಎಂದರು.

ಎಲೆಕೋಸಿನ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿದ್ದರು. ಸಾರು ಬಡಿಸುವ ಹೊತ್ತಿಗೆ ಹನಿ ಶುರುವಾಯಿತು. ನಾನು ಮರ್ಯಾದೆಗೆ ಅಲುಗಾಡದೆ ಕೂತಿದ್ದೆ. ಅಜ್ಜ ನನ್ನ ಬಟ್ಟಲನ್ನೇ ನೋಡುತ್ತಿದ್ದರು. ನಾಲ್ಕು ಹನಿ ಟಪಟಪ ಬಿದ್ದಿದ್ದೇ ತಡ, ‘ಸಾಕು, ಏಳಿ’ ಎಂದು ಬಟ್ಟಲು ಎತ್ತಿಕೊಂಡು ಒಳಗೆ ನಡೆದರು. ಇದು ಅವರ ಸ್ವಂತ ಸೋಮಾರಿತನ ಅಲ್ಲ. ಯೆಹೂದಿ ಗುರುಗಳ ನಿಯಮಗಳ ಸಂಗ್ರಹವಾದ, ಸುಮಾರು 1,800 ವರ್ಷ ಹಳೆಯ ಮಿಶ್ನಾದಲ್ಲೇ ಇದೆ: ಗಂಜಿ ಕೆಡುವಷ್ಟು ಮಳೆ ಬಂದರೆ ಎದ್ದು ಹೋಗಬಹುದು. ಅಲ್ಲೇ ಒಂದು ಹೋಲಿಕೆಯೂ ಇದೆ. ಯಜಮಾನನ ಲೋಟಕ್ಕೆ ಬಗ್ಗಿಸಲು ಬಂದ ಆಳಿನ ಮುಖಕ್ಕೆ ಅವನು ಹೂಜಿಯನ್ನೇ ಎರಚಿದ ಹಾಗೆ ಈ ಮಳೆ. ಬೇಜಾರೂ ಇದೆ, ತಮಾಷೆಯೂ ಇದೆ. ಸುಮ್ನೆ ನೆನೆಯುತ್ತಾ ಕೂತು ಭಕ್ತಿ ತೋರಿಸು ಅನ್ನಲಿಲ್ಲ ನೋಡಿ, ಅದು ದೊಡ್ಡತನ.

ಹಬ್ಬಕ್ಕೆ ನಾಲ್ಕು ಸಾಮಗ್ರಿ ಬೇಕು. ಬಿಚ್ಚದ ಖರ್ಜೂರದ ಗರಿ, ಮಿರ್ಟಲ್ ಅನ್ನುವ ಪರಿಮಳದ ಗಿಡದ ಮೂರು ಕಡ್ಡಿ, ವಿಲೋ ಮರದ ಎರಡು ಕಡ್ಡಿ, ಆಮೇಲೆ ಎತ್ರೋಗ್ ಅನ್ನುವ ಹಣ್ಣು. ರುಚಿ ಇದ್ದವರು, ವಾಸನೆ ಇದ್ದವರು, ಎರಡೂ ಇದ್ದವರು, ಎರಡೂ ಇಲ್ಲದ ವಿಲೋದಂಥವರು, ಎಲ್ಲರೂ ಒಟ್ಟಿಗಿರಬೇಕು ಎಂದು ಅರ್ಥ ಹೇಳುತ್ತಾರೆ. ನನಗೆ ಇದು ಸ್ವಲ್ಪ ಜಾಸ್ತಿಯೇ ಚೊಕ್ಕ ಅನ್ನಿಸಿತು. ಏಕೆಂದರೆ ಏಳನೇ ದಿನ ವಿಲೋ ಕಡ್ಡಿಗಳನ್ನು ನೆಲಕ್ಕೆ ಬಡಿಯುವ ಪದ್ಧತಿಯೂ ಇದೆ! ಪಾಪ, ಏನೂ ಇಲ್ಲದವನಿಗೇ ಏಟು ಅಲ್ವಾ?

ಎತ್ರೋಗ್ ಅಂದರೆ ನಮ್ಮ ಮಾದಲಕಾಯಿಯೇ. ಅಜ್ಜ ಡಬ್ಬಿ ತೆರೆದು ತೋರಿಸಿದಾಗ ನಾರಿನ ಹಾಸಿಗೆಯಲ್ಲಿ ಮಗುವಿನ ಹಾಗೆ ಮಲಗಿತ್ತು. ತುದಿಯ ಪುಟ್ಟ ಮೊಗ್ಗು ಮುರಿದರೆ ಹಣ್ಣು ಪೂಜೆಗೆ ಬರಲ್ಲವಂತೆ. ಮುಟ್ಟೋಕೆ ಕೊಟ್ಟರು, ನನ್ನ ಕೈ ನಡುಗಿತು. ನಮ್ಮಮ್ಮ ಇದನ್ನು ಉಪ್ಪಿನಕಾಯಿ ಹಾಕ್ತಾರೆ ಎಂದೆ.

‘ಹಬ್ಬ ಮುಗಿಯಲಿ. ನಮ್ಮ ಮನೆಯಲ್ಲಿ ಜಾಮ್ ಮಾಡ್ತಾರೆ, ಸಕ್ಕರೆ ವಿಪರೀತ’ ಎಂದು ಡಬ್ಬಿ ಮುಚ್ಚಿದರು. ‘ನಿಮ್ಮಮ್ಮನ ಹತ್ರ ಖಾರ ಎಷ್ಟು ಹಾಕಬೇಕು ಅಂತ ಕೇಳಿಡಿ.’